ಹಳೆಯ ಟ್ರ್ಯಾಕ್ಟರಿನ ಎರಡು ಪ್ರವಾಹಗಳು

ಯಂತ್ರಗಳಿಗೂ ಮುಪ್ಪುಂಟು. ಆದರೆ ಜೀವಿಯ ಮುಪ್ಪಿಗೂ ಯಂತ್ರದ ಮುಪ್ಪಿಗೂ ಒಂದು ಮುಖ್ಯವಾದ ಭೇದವಿದೆ. ಯಂತ್ರದಲ್ಲಿ ಸವೆದ ಅಂಗವನ್ನು ತೆಗೆದು ಅದರ ಸ್ಥಾನದಲ್ಲಿ ಹೊಸದನ್ನು ಕೂಡಿಸಬಹುದು. ಹೀಗಿರುವುದರಿಂದ, ತಕ್ಕ ಆರೈಕೆ ದೊರೆತರೆ ಒಂದು ಯಂತ್ರವು ತನ್ನನ್ನು ಕೊಂಡವನ ಮಗನಿಗೂ ಮೊಮ್ಮಗನಿಗೂ ದುಡಿಯಬಲ್ಲದು. ಬೆಳಗಾವಿಯಿಂದ ಖಾನಾಪುರದ ಕಡೆಗೆ ಹೋಗುವ ದಾರಿಯ ಎರಡು ಬದಿಯ ಹಳ್ಳಿಗಳಲ್ಲಿ ಇದಕ್ಕೆ ನಿದರ್ಶನವಾಗಿ ನಿಂತಿರುವ ಟ್ರ್ಯಾಕ್ಟರುಗಳನ್ನು ಕಾಣಬಹುದು. ಅವುಗಳಲ್ಲಿ ಕೆಲವು, ಅವನ್ನು ನಡೆಸುವ ತರುಣರಿಗಿಂತ ವಯಸ್ಸಿನಲ್ಲಿ ಹಿರಿಯವು.

ಈ 25 ಕಿಲೋಮೀಟರಿನ ಹಾದಿಯಲ್ಲಿ ನೆಲದ ಸ್ವರೂಪವೇ ಬದಲಾಗುತ್ತದೆ. ಪಶ್ಚಿಮಕ್ಕೆ ಸಾಗಿದಂತೆ ಮಣ್ಣು ಕೆಂಪಾಗುತ್ತದೆ, ಕಾಡು ಹತ್ತಿರವಾಗುತ್ತದೆ, ಮಳೆ ಹೆಚ್ಚುತ್ತದೆ. ಮಲಪ್ರಭಾ ನದಿಯು ಹುಟ್ಟುವ ಕಣಕುಂಬಿ ಖಾನಾಪುರ ತಾಲ್ಲೂಕಿನದೇ. ಜೂನ್ ತಿಂಗಳಲ್ಲಿ ಮುಂಗಾರು ಇಳಿಯಿತೆಂದರೆ ಇಲ್ಲಿಯ ಭತ್ತದ ಗದ್ದೆಗಳಲ್ಲಿ ಕೆಸರು ಕಲಸುವ ಕೆಲಸಕ್ಕೆ ತಡವಿರುವುದಿಲ್ಲ. ಆ ಕೆಲವೇ ವಾರಗಳಲ್ಲಿ ಟ್ರ್ಯಾಕ್ಟರಿನ ನೇಗಿಲು ಮೇಲೇಳದೆ ಹೋದರೆ, ಅಥವಾ ಮುಂಜಾನೆ ಎಂಜಿನ್ ಚಾಲೂ ಆಗದೆ ಹೋದರೆ, ನಾಟಿಯ ಹದ ತಪ್ಪುತ್ತದೆ. ಹದ ತಪ್ಪಿದರೆ ಬೆಳೆಯೂ ತಪ್ಪುತ್ತದೆ. ಹೊಸ ಟ್ರ್ಯಾಕ್ಟರಿಗೆ ಹಲವು ಲಕ್ಷ ರೂಪಾಯಿ ಬೇಕು. ಎರಡು ಮೂರು ಎಕರೆಯ ಒಡೆಯನಿಗೆ ಹಳೆಯ ಯಂತ್ರವನ್ನು ಉಳಿಸಿಕೊಳ್ಳುವುದು ಹವ್ಯಾಸದ ಮಾತಲ್ಲ, ಸಂಸಾರದ ಮಾತು.

ಟ್ರ್ಯಾಕ್ಟರಿನ ಎಂಜಿನ್ನು ದೀರ್ಘಾಯು. ಅದಕ್ಕಿಂತ ಮೊದಲು ಕೈಕೊಡುವವು ಸಾಮಾನ್ಯವಾಗಿ ಎರಡು ವ್ಯವಸ್ಥೆಗಳು: ನೇಗಿಲನ್ನು ಎತ್ತುವ ತೈಲದ ವ್ಯವಸ್ಥೆ, ಎಂಜಿನ್ನನ್ನು ಎಬ್ಬಿಸಿ ದೀಪ ಹೊತ್ತಿಸುವ ವಿದ್ಯುತ್ತಿನ ವ್ಯವಸ್ಥೆ. ಮೇಲುನೋಟಕ್ಕೆ ಇವೆರಡಕ್ಕೂ ಏನೇನೂ ಸಂಬಂಧವಿಲ್ಲ. ವಿಚಾರಿಸಿ ನೋಡಿದರೆ ಎರಡೂ ಒಂದೇ ತತ್ತ್ವದ ಎರಡು ರೂಪಗಳು. ಎರಡರಲ್ಲಿಯೂ ಒಂದು ಪ್ರವಾಹವಿದೆ. ಅದನ್ನು ತಳ್ಳುವ ಒತ್ತಡವಿದೆ. ಹೊರಟಲ್ಲಿಗೆ ಅದು ಮರಳಿ ಬರಬೇಕಾದ ಪೂರ್ಣ ಮಂಡಲವಿದೆ. ಈ ಮಂಡಲವನ್ನು ಬಲ್ಲವನು ರೋಗವನ್ನು ಹುಡುಕಬಲ್ಲನು. ಅರಿಯದವನು ಒಂದಾದ ಮೇಲೊಂದು ಭಾಗವನ್ನು ಕೊಂಡು ತಂದು ಬದಲಿಸುತ್ತ ಹಣ ಕಳೆಯುವನು.

ಬೆಳಗಾವಿಯೂ ಕೃಷಿಯಂತ್ರಗಳೂ

ಕೃಷಿಯಂತ್ರಗಳಿಗೂ ಬೆಳಗಾವಿಗೂ ಇರುವ ನಂಟು ಹಳೆಯದು. ಈ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರಲ್ಲಿ ಜನಿಸಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿಯೊಂದನ್ನು ತೆರೆದರು. ಆ ಸಣ್ಣ ಅಂಗಡಿಯಿಂದಲೇ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು ಮೊದಲಾದವುಗಳ ತಯಾರಿಕೆ ಬೆಳೆಯಿತು. 1910ರಲ್ಲಿ ಅವರ ಕಾರ್ಖಾನೆಯು ಈಗಿನ ಸಾಂಗ್ಲಿ ಜಿಲ್ಲೆಯ ಕಿರ್ಲೋಸ್ಕರವಾಡಿಗೆ ಹೋಯಿತಾದರೂ, ಲೋಹದ ಕೆಲಸವು ಬೆಳಗಾವಿಯನ್ನು ಬಿಟ್ಟುಹೋಗಲಿಲ್ಲ. ಉದ್ಯಮಬಾಗದಲ್ಲಿ ಇಂದು ಎರಕದ ಮನೆಗಳೂ ಲೇತ್ ಯಂತ್ರಗಳ ಶಾಲೆಗಳೂ ಸಾಲಾಗಿವೆ. 1981ರಲ್ಲಿ ಪ್ರಾರಂಭವಾದ ಪಾಲಿಹೈಡ್ರಾನ್ ಮೊದಲಾದ ಸಂಸ್ಥೆಗಳಿಂದಾಗಿ ಈ ಊರು ತೈಲದ ಒತ್ತಡದಿಂದ ನಡೆಯುವ ಪಂಪು, ಕವಾಟಗಳ ತಯಾರಿಕೆಗೆ ಹೆಸರಾಗಿದೆ.

ಇನ್ನು ಟ್ರ್ಯಾಕ್ಟರುಗಳ ಮಾತು. ಭಾರತದಲ್ಲಿಯೇ ಕಟ್ಟಿದ ಮೊದಲ ಐಷರ್ ಟ್ರ್ಯಾಕ್ಟರು 1959ರಲ್ಲಿ ಫರೀದಾಬಾದಿನಿಂದ ಹೊರಬಂದಿತು. ಮ್ಯಾಸಿ ಫರ್ಗ್ಯುಸನ್ ಟ್ರ್ಯಾಕ್ಟರುಗಳನ್ನು ತಯಾರಿಸಲು ಮದರಾಸಿನಲ್ಲಿ ಟಾಫೆ ಸಂಸ್ಥೆಯು 1960ರಲ್ಲಿ ಸ್ಥಾಪಿತವಾಯಿತು. ಮಹೀಂದ್ರ ಸಂಸ್ಥೆಯು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿಯೊಡನೆ ಸೇರಿ 1963ರಲ್ಲಿ ಈ ಕ್ಷೇತ್ರಕ್ಕೆ ಇಳಿಯಿತು. ಬೆಂಗಳೂರಿನಲ್ಲಿ ಹುಟ್ಟಿದ ಎಚ್.ಎಂ.ಟಿ. ಸಂಸ್ಥೆಯು 1971ರಿಂದ ಹರಿಯಾಣದ ಪಿಂಜೋರಿನಲ್ಲಿ ಚೆಕೊಸ್ಲೊವಾಕಿಯಾದ ಜೆಟರ್ ಮಾದರಿಯ ಟ್ರ್ಯಾಕ್ಟರುಗಳನ್ನು ತಯಾರಿಸಿತು. ಆ ವಿಭಾಗವನ್ನು ಮುಚ್ಚಲು ಕೇಂದ್ರ ಸರ್ಕಾರವು 2016ರಲ್ಲಿ ತೀರ್ಮಾನಿಸಿತು. ಕಾರ್ಖಾನೆ ಮುಚ್ಚಿದರೂ ಅದು ಕಟ್ಟಿದ ಟ್ರ್ಯಾಕ್ಟರುಗಳು ಹೊಲದಲ್ಲಿ ಉಳಿದಿವೆ. ಅಂಥ ಯಂತ್ರಕ್ಕೆ ಸ್ಥಳೀಯ ಮಿಸ್ತ್ರಿಯೂ ಲೇತ್ ಕೆಲಸದವನೂ ಆಧಾರವಾಗುತ್ತಾರೆ.

ನೇಗಿಲನ್ನು ಎತ್ತುವ ತೈಲ

ಟ್ರ್ಯಾಕ್ಟರಿನ ಹಿಂಭಾಗದಲ್ಲಿ ಕೆಳಗೆ ಎರಡು, ಮೇಲೆ ಒಂದು, ಹೀಗೆ ಮೂರು ತೋಳುಗಳಿರುವುದನ್ನು ವಾಚಕರು ನೋಡಿರಬಹುದು. ಈ ಮೂರು ಬಿಂದುಗಳ ಜೋಡಣೆಗೆ ಈಗಿನ ರೂಪವನ್ನು ಕೊಟ್ಟವನು ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್ (1884-1960). ಅದಕ್ಕೆ ಮೊದಲು ನೇಗಿಲನ್ನು ಬಂಡಿಯಂತೆ ಟ್ರ್ಯಾಕ್ಟರಿನ ಹಿಂದೆ ಕಟ್ಟಿ ಎಳೆಯುತ್ತಿದ್ದರು. ನೇಗಿಲು ಕಲ್ಲಿಗೋ ಬೇರಿಗೋ ಸಿಕ್ಕಿ ನಿಂತಾಗ ಹಿಂದಿನ ಗಾಲಿಗಳು ತಿರುಗಲಾರದೆ, ಟ್ರ್ಯಾಕ್ಟರಿನ ಮೂತಿಯೇ ಮೇಲೆದ್ದು ಯಂತ್ರವು ಹಿಮ್ಮುಖವಾಗಿ ಮಗುಚಿ ಚಾಲಕನ ಮೇಲೆ ಬೀಳುವ ಅಪಾಯವಿತ್ತು. ಫರ್ಗ್ಯುಸನ್ನನ ಜೋಡಣೆಯಲ್ಲಿ ನೇಗಿಲಿಗೆ ತಡೆಯುಂಟಾದಾಗ ಮೇಲಿನ ತೋಳು ಟ್ರ್ಯಾಕ್ಟರನ್ನು ಮುಂದಕ್ಕೆ ಒತ್ತುತ್ತದೆ. ಅದರಿಂದ ಮುಂದಿನ ಗಾಲಿಗಳು ನೆಲಕ್ಕೆ ಒತ್ತಿಕೊಂಡೇ ಇರುತ್ತವೆ. ಜೀವ ತೆಗೆಯುತ್ತಿದ್ದ ಬಲವನ್ನೇ ಜೀವ ಕಾಯುವಂತೆ ತಿರುಗಿಸಿದ ಜಾಣ್ಮೆಯಿದು.

ಇಷ್ಟೇ ಅಲ್ಲ. ಆ ಮೇಲಿನ ತೋಳಿನ ಬುಡದಲ್ಲಿ ಒಂದು ಸ್ಪ್ರಿಂಗ್ ಇದೆ. ಮಣ್ಣು ಗಟ್ಟಿಯಾಗಿ ಎಳೆತ ಹೆಚ್ಚಾದರೆ ಸ್ಪ್ರಿಂಗ್ ಕುಗ್ಗುತ್ತದೆ. ಅದರ ಚಲನೆಯು ಒಂದು ಕವಾಟವನ್ನು ಅಲುಗಿಸುತ್ತದೆ. ತೈಲವು ನುಗ್ಗಿ ನೇಗಿಲನ್ನು ತುಸು ಮೇಲಕ್ಕೆತ್ತುತ್ತದೆ. ಎಳೆತ ತಗ್ಗಿದರೆ ನೇಗಿಲು ತಾನಾಗಿ ಇಳಿಯುತ್ತದೆ. ಎಲೆಕ್ಟ್ರಾನಿಕ್ ಮಿದುಳಿನ ಸುಳಿವೇ ಇಲ್ಲದ ಕಾಲದಲ್ಲಿ, ಬರಿಯ ಸ್ಪ್ರಿಂಗು ತೈಲಗಳಿಂದ ಸಾಧಿಸಿದ ಸ್ವಯಂನಿಯಂತ್ರಣವಿದು. 1946ರಿಂದ 1956ರವರೆಗೆ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ತಯಾರಾದ ಫರ್ಗ್ಯುಸನ್ ಟಿ.ಇ. 20 ಮಾದರಿಯ ಐದು ಲಕ್ಷಕ್ಕೂ ಮಿಕ್ಕಿದ ಟ್ರ್ಯಾಕ್ಟರುಗಳ ಮೂಲಕ ಈ ವಿಧಾನವು ಜಗತ್ತಿಗೆಲ್ಲ ಹರಡಿತು.

ತೈಲಕ್ಕೆ ಇಷ್ಟು ಬಲ ಎಲ್ಲಿಂದ ಬಂತು? ಫ್ರಾನ್ಸಿನ ಪಾಸ್ಕಲನು ಹದಿನೇಳನೆಯ ಶತಮಾನದಲ್ಲಿ ತೋರಿಸಿಕೊಟ್ಟ ನಿಯಮವನ್ನು ಪ್ರೌಢಶಾಲೆಯ ವಿದ್ಯಾರ್ಥಿಗಳೂ ಬಲ್ಲರು: ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಒಂದು ಭಾಗಕ್ಕೆ ಕೊಟ್ಟ ಒತ್ತಡವು ಎಲ್ಲ ದಿಕ್ಕಿಗೂ ಕುಂದದೆ ಹರಡುತ್ತದೆ. ಒಂದು ಲೆಕ್ಕ ಹಾಕೋಣ. ಸಿಲಿಂಡರಿನ ವ್ಯಾಸ 75 ಮಿಲಿಮೀಟರು ಎಂದು ಭಾವಿಸಿದರೆ ಅದರ ಪಿಸ್ಟನ್ನಿನ ವಿಸ್ತೀರ್ಣ ಸುಮಾರು 44 ಚದರ ಸೆಂಟಿಮೀಟರು. ಪಂಪು ಚದರ ಸೆಂಟಿಮೀಟರಿಗೆ 140 ಕಿಲೋಗ್ರಾಮಿನಂತೆ ಒತ್ತಿದರೆ ಪಿಸ್ಟನ್ನಿನ ಮೇಲೆ ಬೀಳುವ ಬಲವು 6,000 ಕಿಲೋಗ್ರಾಂ ಭಾರವನ್ನು ಮೀರುತ್ತದೆ! ಪಿಸ್ಟನ್ನು ಗಿಡ್ಡ ತೋಳನ್ನು ಒತ್ತುತ್ತದೆ, ನೇಗಿಲು ಉದ್ದ ತೋಳಿನ ತುದಿಯಲ್ಲಿರುತ್ತದೆ. ಆದುದರಿಂದ ಹೊರಗೆ ದೊರೆಯುವ ಬಲ ಇದರ ಒಂದು ಅಂಶ ಮಾತ್ರ. ಆದರೂ ನೇಗಿಲಿಗೆ ಅದು ಧಾರಾಳವಾಗಿ ಸಾಲುತ್ತದೆ.

ನೀರು, ಕಸ, ಸವೆತ

ತೈಲಕ್ಕೆ ಮೂವರು ಶತ್ರುಗಳು. ಖಾನಾಪುರದಂಥ ಸೀಮೆಯಲ್ಲಿ ಅವರಲ್ಲಿ ಮೊದಲನೆಯದು ನೀರು. ಫರ್ಗ್ಯುಸನ್ ಪರಂಪರೆಯ ಅನೇಕ ಟ್ರ್ಯಾಕ್ಟರುಗಳಲ್ಲಿ ಎತ್ತುವ ತೈಲವೂ ಗೇರುಪೆಟ್ಟಿಗೆಯ ತೈಲವೂ ಒಂದೇ. ಪಂಪು ಅದರಲ್ಲಿಯೇ ಮುಳುಗಿರುತ್ತದೆ. ಗೇರಿನ ಕೋಲಿನ ಬುಡದ ರಬ್ಬರ್ ಟೋಪಿ ಬಿರುಕು ಬಿಟ್ಟರೆ ಬಯಲಿನಲ್ಲಿ ನಿಂತ ಟ್ರ್ಯಾಕ್ಟರಿನೊಳಕ್ಕೆ ಮಳೆ ಹನಿಹನಿಯಾಗಿ ಇಳಿಯುತ್ತದೆ. ಕೆಸರುಗದ್ದೆಯಲ್ಲಿ ಅಚ್ಚಿನವರೆಗೆ ಮುಳುಗಿ ದುಡಿಯುವಾಗ ಸವೆದ ಆಯಿಲ್ ಸೀಲುಗಳ ಮೂಲಕ ನೀರು ನುಸುಳುತ್ತದೆ. ಇದಲ್ಲದೆ, ಹಗಲು ಕಾದ ಪೆಟ್ಟಿಗೆಯು ರಾತ್ರಿ ತಣಿದಾಗ ಒಳಗೆಳೆದುಕೊಂಡ ತೇವದ ಗಾಳಿಯಿಂದಲೂ ನೀರು ಹನಿಗಟ್ಟುತ್ತದೆ.

ನೀರು ಬೆರೆತ ತೈಲವನ್ನು ಗುರುತಿಸುವುದು ಕಷ್ಟವಲ್ಲ. ಅಳತೆಕಡ್ಡಿಯನ್ನು ಎಳೆದು ನೋಡಿದರೆ ತೈಲವು ಮಜ್ಜಿಗೆಯಂತೆ ಬೆಳ್ಳಗೆ ಕದಡಿರುತ್ತದೆ. ಸಂದೇಹವಿದ್ದರೆ ಒಂದು ಹನಿಯನ್ನು ಕಾದ ತಗಡಿನ ಮೇಲೆ ದೂರದಿಂದ ಹಾಕಿ ನೋಡಬೇಕು: ಶುದ್ಧ ತೈಲ ಸದ್ದಿಲ್ಲದೆ ಹೊಗೆಯಾಡುತ್ತದೆ, ನೀರಿದ್ದುದು ಒಗ್ಗರಣೆಯಂತೆ ಚಟಪಟಗುಟ್ಟುತ್ತದೆ. ನೀರು ತೈಲಕ್ಕಿಂತ ಭಾರವಾದುದರಿಂದ, ಟ್ರ್ಯಾಕ್ಟರನ್ನು ಒಂದು ರಾತ್ರಿ ಅಲುಗಿಸದೆ ನಿಲ್ಲಿಸಿ ಮುಂಜಾನೆ ತಳದ ತಿರುಪನ್ನು ಮೆಲ್ಲಗೆ ಸಡಿಲಿಸಿದರೆ ತಳಕ್ಕಿಳಿದ ನೀರು ಮೊದಲು ಹೊರಬರುತ್ತದೆ. ಆದರೆ ಮಜ್ಜಿಗೆಯಂತಾದ ತೈಲದಿಂದ ನೀರು ಪೂರ್ತಿಯಾಗಿ ಬೇರ್ಪಡುವುದಿಲ್ಲ. ಅದನ್ನು ಬದಲಿಸುವುದೇ ಸರಿಯಾದ ದಾರಿ. ನೀರು ಬಂದ ಬಿರುಕನ್ನು ಮುಚ್ಚದೆ ತೈಲವನ್ನು ಮಾತ್ರ ಬದಲಿಸಿದರೆ ಮುಂದಿನ ಮಳೆಗೆ ಅದೇ ಕಥೆ.

ಎರಡನೆಯ ಶತ್ರು ಕಸ. ಗೇರುಗಳ ಹಲ್ಲಿನಿಂದ ಉದುರುವ ಉಕ್ಕಿನ ಪುಡಿ, ತೈಲ ಸುರಿಯುವಾಗ ಬಿದ್ದ ಧೂಳು, ಒರೆಸಿದ ಬಟ್ಟೆಯ ನೂಲು, ಇವೆಲ್ಲ ಪಂಪಿನ ಬಾಯಿಯ ಜರಡಿಯಲ್ಲಿ ಸೇರುತ್ತವೆ. ಜರಡಿ ಕಟ್ಟಿಕೊಂಡರೆ ಪಂಪಿಗೆ ತೈಲ ಸಿಕ್ಕದೆ ಒಳಗೆ ನಿರ್ವಾತದ ಗುಳ್ಳೆಗಳೇಳುತ್ತವೆ. ಒತ್ತಡದ ಕಡೆಗೆ ಹೋದಾಗ ಆ ಗುಳ್ಳೆಗಳು ಒಡೆದು ಲೋಹವನ್ನೇ ಕುಟ್ಟಿ ತೂತುಮಾಡುತ್ತವೆ. ಪಂಪಿನಿಂದ ಕಲ್ಲು ಅರೆದಂಥ ಸದ್ದು ಬಂದರೆ ಇದನ್ನು ಶಂಕಿಸಬೇಕು.

ಮೂರನೆಯದು ಸವೆತ. ಇಲ್ಲೊಂದು ವಿಸ್ಮಯಕರವಾದ ನಿಯಮವಿದೆ. ಎರಡು ನುಣುಪಾದ ಲೋಹಗಳ ನಡುವಣ ಕಿರಿದಾದ ಎಡೆಯಲ್ಲಿ ಸೋರುವ ದ್ರವದ ಪ್ರಮಾಣವು ಆ ಎಡೆಯ ಘನವನ್ನು ಅನುಸರಿಸುತ್ತದೆ. ಎಂದರೆ, ಎಡೆ ಇಮ್ಮಡಿಯಾದರೆ ಸೋರಿಕೆ ಎಂಟು ಮಡಿಯಾಗುತ್ತದೆ. ಮೂರು ಮಡಿಯಾದರೆ ಸೋರಿಕೆ ಇಪ್ಪತ್ತೇಳು ಮಡಿ! ಕೂದಲೆಳೆಗಿಂತ ತೆಳ್ಳನೆಯ ಸವೆತವೂ ಪಂಪನ್ನು ನಿಷ್ಪ್ರಯೋಜಕವಾಗಿಸುವುದು ಈ ಕಾರಣದಿಂದ. ಉತ್ತಮ ಪಂಪು, ಕವಾಟಗಳ ತಯಾರಿಕೆಯಲ್ಲಿ ಮಿಲಿಮೀಟರಿನ ಸಾವಿರದ ಅಂಶಗಳನ್ನು ಲೆಕ್ಕಕ್ಕೆ ಹಿಡಿಯುವುದು ಏತಕ್ಕೆಂಬುದೂ ಇದರಿಂದ ತಿಳಿಯುತ್ತದೆ. ಮಿಸ್ತ್ರಿಯು ಕವಾಟವನ್ನು ಉಪ್ಪುಕಾಗದದಿಂದ ತಿಕ್ಕಿ ನುಣುಪು ಮಾಡಲು ಹೊರಟರೆ, ರೋಗವನ್ನು ಎಂಟು ಮಡಿ ಹೆಚ್ಚಿಸಿದಂತಾದೀತು.

ಲಕ್ಷಣಗಳಿಂದ ರೋಗವನ್ನು ತಿಳಿಯುವುದು

ಪಂಪನ್ನು ಬಿಚ್ಚುವ ಮುನ್ನ ಕಣ್ಣು ಕಿವಿಗಳಿಂದ ತಿಳಿಯಬಹುದಾದುದು ಬಹಳ. ತೋಳುಗಳು ಏಳುವುದೇ ಇಲ್ಲವೆನ್ನಿ. ಆಗ ಮೊದಲು ನೋಡಬೇಕಾದುದು ತೈಲದ ಮಟ್ಟ, ಎರಡನೆಯದು ಜರಡಿ. ಟಿ.ಇ. 20ರಂಥ ಯಂತ್ರಗಳಲ್ಲಿ, ಹೊರಗಿನ ಯಂತ್ರಗಳನ್ನು ತಿರುಗಿಸುವ ದಂಡವೇ ಪಂಪನ್ನೂ ತಿರುಗಿಸುತ್ತದೆ. ಆ ದಂಡದ ಹಿಡಿಕೆಯನ್ನು ಕೂಡಿಸದಿದ್ದರೆ ಪಂಪು ನಿಶ್ಚಲ. ಪಂಪು ಕೆಟ್ಟಿತೆಂದು ಯಂತ್ರವನ್ನು ಎರಡು ಹೋಳು ಮಾಡುವ ಮುನ್ನ ಒಂದು ಹಿಡಿಕೆಯನ್ನು ನೋಡುವುದು ಒಳ್ಳೆಯದಲ್ಲವೆ?

ತೋಳುಗಳು ಎದ್ದು, ಎಂಜಿನ್ ನಿಲ್ಲಿಸಿದೊಡನೆ ಬೇಗನೆ ಇಳಿದುಬಿಟ್ಟರೆ ಪಂಪು ನಿರಪರಾಧಿ. ಏಕೆಂದರೆ ಎತ್ತುವುದು ಪಂಪಿನ ಕೆಲಸ, ಹಿಡಿದಿಡುವುದು ಸಿಲಿಂಡರು ಮತ್ತು ಕವಾಟಗಳ ಕೆಲಸ. ಪಿಸ್ಟನ್ನಿನ ಉಂಗುರವೋ ಕವಾಟದ ಪೀಠವೋ ಸೋರುತ್ತಿರಬೇಕು. ಎಂಜಿನ್ ನಡೆಯುತ್ತಿರುವಾಗ ಎತ್ತಿದ ನೇಗಿಲು ತೂಕಡಿಸುವವನ ತಲೆಯಂತೆ ಮತ್ತೆ ಮತ್ತೆ ಕುಸಿದು ಮೇಲೇಳುತ್ತಿದ್ದರೆ ಅದೂ ಇದೇ ಸೋರಿಕೆಯ ಗುರುತು: ಸೋರಿದಷ್ಟನ್ನು ಪಂಪು ಕೂಡಲೆ ತುಂಬಿಕೊಡುತ್ತಿರುತ್ತದೆ.

ಬೆಳಗ್ಗೆ ಚೆನ್ನಾಗಿ ಎತ್ತಿ, ಮಧ್ಯಾಹ್ನ ಎತ್ತಲಾರದೆ ಹೋದರೆ? ಈ ಒಗಟಿಗೆ ಉತ್ತರ ತೈಲದ ಸ್ನಿಗ್ಧತೆಯಲ್ಲಿದೆ. ಕಾದಂತೆ ತೈಲವು ತೆಳ್ಳಗಾಗುತ್ತದೆ; 40 ಡಿಗ್ರಿಯಲ್ಲಿದ್ದ ಸ್ನಿಗ್ಧತೆಯು 100 ಡಿಗ್ರಿ ಸೆಂಟಿಗ್ರೇಡಿನಲ್ಲಿ ಆರರಲ್ಲೊಂದು ಪಾಲಿಗೋ ಅದಕ್ಕಿಂತ ಕೆಳಗೋ ಇಳಿಯಬಹುದು. ಸವೆದ ಎಡೆಯಲ್ಲಿ ದಪ್ಪ ತೈಲವು ಹೇಗೋ ನಿಂತಿರುತ್ತದೆ, ತೆಳ್ಳನೆಯದು ಹರಿದುಹೋಗುತ್ತದೆ. ಆದುದರಿಂದ ತಣ್ಣಗಿರುವಾಗ ಎತ್ತಿ ಬಿಸಿಯಾದಾಗ ಸೋಲುವುದು ಸವೆದ ಪಂಪಿನ ಸ್ಪಷ್ಟ ಲಕ್ಷಣ. ಇದಕ್ಕೆ ದಪ್ಪ ತೈಲ ಸುರಿದು ಕಾಲ ಕಳೆಯುವುದುಂಟು. ಕೆಲವು ದಿನ ಅದು ನಡೆದೀತು. ಆದರೆ ಮುಂಜಾನೆಯ ತಂಪಿನಲ್ಲಿ ಅದೇ ದಪ್ಪ ತೈಲವು ಜರಡಿಯನ್ನು ದಾಟಲಾರದೆ ಪಂಪನ್ನು ಇನ್ನಷ್ಟು ಕೆಡಿಸುತ್ತದೆ.

ವಿದ್ಯುತ್ತಿನ ಮಂಡಲ

ಈಗ ಎರಡನೆಯ ಪ್ರವಾಹಕ್ಕೆ ಬರೋಣ. ಡೀಸೆಲ್ ಎಂಜಿನ್ನಿನಲ್ಲಿ ಇಂಧನವು ಗಾಳಿಯ ಸಂಪೀಡನದ ಬಿಸಿಯಿಂದಲೇ ಹೊತ್ತಿಕೊಳ್ಳುವುದರಿಂದ, ಒಮ್ಮೆ ತಿರುಗತೊಡಗಿದ ಹಳೆಯ ಡೀಸೆಲ್ ಟ್ರ್ಯಾಕ್ಟರಿಗೆ ವಿದ್ಯುತ್ತಿನ ಹಂಗಿಲ್ಲ. ಆದ್ದರಿಂದಲೇ ಅದರ ವಿದ್ಯುತ್ ವ್ಯವಸ್ಥೆಯ ಬಗೆಗೆ ಔದಾಸೀನ್ಯ ಹೆಚ್ಚು. ಟ್ರ್ಯಾಕ್ಟರನ್ನು ಇಳಿಜಾರಿನಲ್ಲಿ ನಿಲ್ಲಿಸಿ, ಬೆಳಗ್ಗೆ ಉರುಳಿಸಿ ಎಬ್ಬಿಸುವ ಪದ್ಧತಿಯನ್ನು ಹಳ್ಳಿಗಳಲ್ಲಿ ನೋಡಬಹುದು.

ಬ್ಯಾಟರಿಯಿಂದ ಪ್ರಾರಂಭಿಸೋಣ. ಸೀಸದ ಫಲಕಗಳೂ ಗಂಧಕಾಮ್ಲವೂ ಇರುವ ಈ ಸಂಚಾಯಕವನ್ನು ಪ್ಲಾಂಟೆ ಎಂಬ ಫ್ರೆಂಚ್ ವಿಜ್ಞಾನಿಯು 1859ರಲ್ಲಿ ರಚಿಸಿದನು. ಪೂರ್ಣವಾಗಿ ತುಂಬಿದ ಒಂದು ಕೋಶವು ಸುಮಾರು 2.1 ವೋಲ್ಟು ಕೊಡುತ್ತದೆ. ಆರು ಕೋಶಗಳು ಸೇರಿದರೆ 12.6 ವೋಲ್ಟು. ಬ್ಯಾಟರಿ ಬರಿದಾದಂತೆ ಆಮ್ಲದೊಳಗಿನ ಗಂಧಕದ ಅಂಶವು ಫಲಕಗಳಿಗೆ ಸೇರಿ ದ್ರವವು ತೆಳುವಾಗುತ್ತದೆ. ಆದುದರಿಂದ ದ್ರವದ ವಿಶಿಷ್ಟ ಗುರುತ್ವವನ್ನು ಅಳೆದರೆ ಬ್ಯಾಟರಿಯ ಹೊಟ್ಟೆಯೊಳಗಿನ ಸ್ಥಿತಿ ತಿಳಿಯುತ್ತದೆ: ತುಂಬಿದಾಗ 1.26ರ ಆಸುಪಾಸು, ಬರಿದಾದಾಗ 1.12ರ ಆಸುಪಾಸು. ಆರು ಕೋಶಗಳಲ್ಲಿ ಐದು ಸರಿಯಿದ್ದು ಒಂದು ಮಾತ್ರ ಬಹಳ ಕೆಳಗಿದ್ದರೆ ಆ ಕೋಶ ಸತ್ತಿದೆಯೆಂದು ತಿಳಿಯಬೇಕು. ಬರಿದಾದ ಬ್ಯಾಟರಿಯನ್ನು ಹಾಗೆಯೇ ತಿಂಗಳುಗಟ್ಟಲೆ ಬಿಟ್ಟರೆ ಫಲಕಗಳ ಮೇಲಿನ ಸೀಸದ ಸಲ್ಫೇಟು ಗಡುಸಾದ ಹರಳುಗಳಾಗಿ, ಮುಂದೆ ಎಷ್ಟು ವಿದ್ಯುತ್ತು ಕೊಟ್ಟರೂ ಕರಗುವುದಿಲ್ಲ. ಬತ್ತಿದ ಕೋಶಗಳಿಗೆ ಬಟ್ಟಿಯಿಳಿಸಿದ ನೀರನ್ನೇ ಹಾಕಬೇಕು. ಬಾವಿಯ ನೀರಿನ ಲವಣಗಳು ಫಲಕಗಳಿಗೆ ವಿಷವಿದ್ದಂತೆ.

ಎಂಜಿನ್ನನ್ನು ಎಬ್ಬಿಸುವ ಮೋಟಾರನ್ನು ನಮ್ಮ ಜನರು ‘ಸೆಲ್ಫ್’ ಎಂದೇ ಕರೆಯುತ್ತಾರೆ. ಇದು ಮಹಾ ಹೊಟ್ಟೆಬಾಕ. ಕೆಲವು ಕ್ಷಣಗಳ ಮಟ್ಟಿಗೆ 200 ಆಂಪೇರು ಅಥವಾ ಅದಕ್ಕೂ ಹೆಚ್ಚು ಪ್ರವಾಹವನ್ನು ಅದು ಎಳೆದುಕೊಳ್ಳುತ್ತದೆ. ಇಲ್ಲಿ ಓಮನ ನಿಯಮವು ತನ್ನ ಪ್ರಭಾವವನ್ನು ತೋರಿಸುತ್ತದೆ. ಬ್ಯಾಟರಿಯ ಕೊಂಬಿನ ಮೇಲೆ ಕಟ್ಟಿದ ಹಸಿರು ಬಿಳಿ ಕಿಲುಬು ಒಂದು ಓಮಿನ ನೂರರಲ್ಲೊಂದು ಪಾಲು ರೋಧವನ್ನು ಒಡ್ಡಿತೆನ್ನಿ. 200 ಆಂಪೇರನ್ನು 0.01ರಿಂದ ಗುಣಿಸಿದರೆ 2 ವೋಲ್ಟು. ಹನ್ನೆರಡರಲ್ಲಿ ಎರಡು ವೋಲ್ಟು ಆ ಕಿಲುಬಿನಲ್ಲಿಯೇ ಕಳೆದುಹೋಯಿತು! ಅಷ್ಟೇ ಅಲ್ಲ, 400 ವಾಟ್ ಶಕ್ತಿ ಆ ಚಿಕ್ಕ ಜಾಗದಲ್ಲಿ ಬಿಸಿಯಾಗಿ ಹೋಗುತ್ತದೆ. ಸೆಲ್ಫ್ ಹೊಡೆದ ಮೇಲೆ ತಂತಿಯ ಒಂದು ಕೀಲು ಮಾತ್ರ ಬಿಸಿಯಾಗಿದ್ದರೆ ಅಲ್ಲಿಯೇ ರೋಗವಿದೆ.

ಕಿಲುಬು ಕಣ್ಣಿಗೆ ಕಾಣುತ್ತದೆ. ಕಾಣದಿರುವುದು ಮರಳುವ ದಾರಿ. ಬ್ಯಾಟರಿಯ ಒಂದು ಧ್ರುವವನ್ನು ಟ್ರ್ಯಾಕ್ಟರಿನ ಮೈಗೆ ಜೋಡಿಸಿರುತ್ತಾರೆ. ಪ್ರವಾಹವು ಮರಳುವುದು ಆ ಕಬ್ಬಿಣದ ಮೈಯ ಮೂಲಕವೇ. ಆ ಪಟ್ಟಿಯ ಬುಡದಲ್ಲಿ ತುಕ್ಕೋ, ಅಂದಕ್ಕಾಗಿ ಬಳಿದ ಹೊಸ ಬಣ್ಣವೋ ಇದ್ದರೆ ಮಂಡಲವು ಅಲ್ಲಿಯೇ ಕಡಿಯುತ್ತದೆ. ಇದನ್ನು ಪರೀಕ್ಷಿಸುವ ಕ್ರಮ ಸುಲಭ. ಗೇರು ತಟಸ್ಥವಾಗಿರಬೇಕು, ಬ್ರೇಕು ಹಾಕಿರಬೇಕು, ಎಂಜಿನ್ ನಿಲ್ಲಿಸುವ ಹಿಡಿಕೆಯನ್ನು ಎಳೆದಿರಬೇಕು. ವೋಲ್ಟ್‌ಮೀಟರಿನ ಒಂದು ಮೊನೆಯನ್ನು ಮೈಗೆ ಜೋಡಿಸಿದ ಬ್ಯಾಟರಿಯ ಕೊಂಬಿಗೂ, ಇನ್ನೊಂದನ್ನು ಎಂಜಿನ್ನಿನ ಮೈಗೂ ಮುಟ್ಟಿಸಿ, ಆಸನದಲ್ಲಿ ಕುಳಿತವರು ಸೆಲ್ಫ್ ತಿರುಗಿಸಬೇಕು. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ದೋಷವು ಬ್ಯಾಟರಿಯದೂ ಅಲ್ಲ, ಸೆಲ್ಫಿನದೂ ಅಲ್ಲ, ನಡುವಿನ ಕೀಲಿನದು. ಹೊಸ ಬ್ಯಾಟರಿಗೆ ಸಾವಿರಾರು ರೂಪಾಯಿ ತೆರುವ ಬದಲು ಒಂದು ತಂತಿ ಬ್ರಷ್ಷಿನಿಂದ ಕೆಲಸ ಮುಗಿಯುತ್ತದೆ.

ಖರ್ಚಾದುದನ್ನು ಮರಳಿ ತುಂಬುವುದು ಡೈನಮೊ. ಹಳೆಯ ಡೈನಮೊದಲ್ಲಿ ಶಾಶ್ವತ ಕಾಂತವಿಲ್ಲ. ಅದರ ಕಬ್ಬಿಣದಲ್ಲಿ ಉಳಿದ ಅಲ್ಪವಾದ ಶೇಷ ಕಾಂತತ್ವವೇ ಮೊದಲ ಕಿಡಿ. ಅದರಿಂದ ಹುಟ್ಟಿದ ಅಲ್ಪ ಪ್ರವಾಹವು ಕಾಂತವನ್ನು ಬಲಪಡಿಸುತ್ತದೆ. ಬಲಗೊಂಡ ಕಾಂತವು ಇನ್ನಷ್ಟು ಪ್ರವಾಹವನ್ನು ಹುಟ್ಟಿಸುತ್ತದೆ. ಬಹುಕಾಲ ಸುಮ್ಮನೆ ಬಿದ್ದ ಡೈನಮೊ ಈ ಶೇಷ ಕಾಂತತ್ವವನ್ನು ಕಳೆದುಕೊಂಡರೆ, ಎಲ್ಲ ಅಂಗಗಳೂ ಸರಿಯಿದ್ದರೂ ವಿದ್ಯುತ್ತು ಹುಟ್ಟದು. ಆಗ ತಿಳಿದ ಮಿಸ್ತ್ರಿಯು ಬ್ಯಾಟರಿಯ ತಂತಿಯನ್ನು ಕ್ಷಣಕಾಲ ಅದರ ಕ್ಷೇತ್ರ ಸುರುಳಿಗೆ ಮುಟ್ಟಿಸಿ ನೆನಪನ್ನು ಮರಳಿಸುತ್ತಾನೆ. ಡೈನಮೊದ ನೆರೆಯಲ್ಲಿರುವ ‘ಕಟೌಟ್’ ಎಂಬ ಸಣ್ಣ ಪೆಟ್ಟಿಗೆಯು ದ್ವಾರಪಾಲಕನಂತೆ. ಎಂಜಿನ್ ನಿಧಾನವಾದಾಗ ಬ್ಯಾಟರಿಯ ಪ್ರವಾಹವು ಹಿಮ್ಮುಖವಾಗಿ ಡೈನಮೊಕ್ಕೆ ಹರಿಯದಂತೆ ಅದು ಬಾಗಿಲು ಮುಚ್ಚುತ್ತದೆ. ತೈಲದ ವ್ಯವಸ್ಥೆಯಲ್ಲಿ ಏಕಮುಖ ಕವಾಟವು ಮಾಡುವ ಕೆಲಸವನ್ನೇ ಇಲ್ಲಿ ಕಟೌಟ್ ಮಾಡುತ್ತದೆ.

ಅನೇಕರು ಹಳೆಯ ಡೈನಮೊವನ್ನು ತೆಗೆದು ಆಲ್ಟರ್ನೇಟರನ್ನು ಕೂಡಿಸುತ್ತಾರೆ. ನಿಧಾನಗತಿಯಲ್ಲಿಯೂ ಅದು ಚೆನ್ನಾಗಿ ತುಂಬಿಸುವುದರಿಂದ ಇದು ಒಳ್ಳೆಯ ಮಾರ್ಪಾಡೇ. ಆದರೆ ಒಂದು ಎಚ್ಚರಿಕೆ ಅವಶ್ಯ. ಬ್ರಿಟಿಷ್ ಮೂಲದ ಎಷ್ಟೋ ಹಳೆಯ ಯಂತ್ರಗಳಲ್ಲಿ ಧನಧ್ರುವವನ್ನು ಮೈಗೆ ಜೋಡಿಸಿರುತ್ತಾರೆ. ಈಗಿನ ಆಲ್ಟರ್ನೇಟರುಗಳು ಸಾಮಾನ್ಯವಾಗಿ ಋಣಧ್ರುವವು ಮೈಗೆ ಜೋಡಿಸಿರುವುದನ್ನು ಬಯಸುತ್ತವೆ. ಇದನ್ನು ನೋಡದೆ ಜೋಡಿಸಿದರೆ ಅದರೊಳಗಿನ ಡಯೋಡುಗಳು ಕ್ಷಣಾರ್ಧದಲ್ಲಿ ಸುಟ್ಟುಹೋಗುತ್ತವೆ. ಎಂಜಿನ್ ನಡೆಯುತ್ತಿರುವಾಗ ಬ್ಯಾಟರಿಯ ತಂತಿಯನ್ನು ಕಳಚಿ ‘ಚಾರ್ಜು ಬರುತ್ತಿದೆಯೇ’ ಎಂದು ಪರೀಕ್ಷಿಸುವ ಹಳೆಯ ಅಭ್ಯಾಸವೂ ಡಯೋಡುಗಳಿಗೆ ಮಾರಕ. ಬ್ಯಾಟರಿಯ ಮೇಲೆ ವೋಲ್ಟ್‌ಮೀಟರ್ ಇಟ್ಟು 13.8ರಿಂದ 14.4ರವರೆಗೆ ತೋರುತ್ತದೆಯೇ ಎಂದು ನೋಡಿದರೆ ಸಾಕು.

ಪ್ರಾಣಕ್ಕೆ ಎರವಾಗುವ ಅಡ್ಡದಾರಿಗಳು

ಇಲ್ಲಿಯವರೆಗೆ ಹೇಳಿದ್ದು ಯಂತ್ರವನ್ನು ಉಳಿಸುವ ಮಾತು. ಅದಕ್ಕಿಂತ ದೊಡ್ಡದು ಮನುಷ್ಯನನ್ನು ಉಳಿಸುವ ಮಾತು.

ಸೆಲ್ಫ್ ತಿರುಗದಿದ್ದಾಗ ನೆಲದ ಮೇಲೆ ನಿಂತು, ಸ್ಕ್ರೂಡ್ರೈವರಿನಿಂದ ಅದರ ಎರಡು ತುದಿಗಳನ್ನು ಕೂಡಿಸಿ ಎಂಜಿನ್ ಎಬ್ಬಿಸುವವರಿದ್ದಾರೆ. ಗೇರು ಬಿದ್ದಿದ್ದರೆ ಟ್ರ್ಯಾಕ್ಟರು ಆ ಕ್ಷಣವೇ ಮುಂದಕ್ಕೆ ಚಲಿಸುತ್ತದೆ. ನಿಂತಿರುವವನು ಹಿಂದಿನ ದೊಡ್ಡ ಗಾಲಿಯ ಮುಂದೆಯೇ ಇರುತ್ತಾನೆ. ಟಿ.ಇ. 20ರಲ್ಲಿ ಗೇರಿನ ಕೋಲನ್ನೇ ಒಂದು ಪ್ರತ್ಯೇಕ ಸ್ಥಾನಕ್ಕೆ ಒತ್ತಿ ಸೆಲ್ಫ್ ತಿರುಗಿಸಬೇಕಾಗಿತ್ತು. ಗೇರಿನಲ್ಲಿದ್ದಾಗ ಎಂಜಿನ್ ಏಳುವ ಸಂಭವವೇ ಇರಲಿಲ್ಲ. ಇಂಥ ರಕ್ಷಣೆಯನ್ನು ಒಂದು ಸ್ಕ್ರೂಡ್ರೈವರಿನಿಂದ ಮುರಿಯಬಾರದು. ಎಂಜಿನ್ನನ್ನು ಎಬ್ಬಿಸಬೇಕಾದುದು ಆಸನದಲ್ಲಿ ಕುಳಿತೇ.

ಎತ್ತಿದ ನೇಗಿಲಿನ ಕೆಳಗೆ, ಅಥವಾ ತೈಲದ ಜಾಕಿನಿಂದ ಎತ್ತಿದ ಟ್ರೇಲರಿನ ‘ಡಬ್ಬಿ’ಯ ಕೆಳಗೆ, ತೈಲವನ್ನು ನಂಬಿ ಎಂದೂ ತಲೆಯೊಡ್ಡಬಾರದು. ಐದು ರೂಪಾಯಿಯ ರಬ್ಬರ್ ಉಂಗುರವೊಂದು ಹರಿದರೆ ಕೆಲವು ಟನ್ ಭಾರ ಕೆಳಗಿಳಿಯುತ್ತದೆ. ದುರಸ್ತಿಗೆ ಮುನ್ನ ಭಾರವನ್ನು ನೆಲಕ್ಕಿಳಿಸಬೇಕು. ಇಳಿಸಲಾಗದಿದ್ದರೆ ಬಲವಾದ ಮರದ ದಿಮ್ಮಿಗಳನ್ನು ಆಧಾರಕ್ಕೆ ಕೊಡಬೇಕು. ಒತ್ತಡದ ಕೊಳವೆ ಸೋರುತ್ತಿದೆಯೇ ಎಂಬುದನ್ನು ಬೆರಳಿನಿಂದ ತಡವಿ ನೋಡುವುದು ಇನ್ನೊಂದು ಅಪಾಯ. ಸೂಜಿಮೊನೆಯಷ್ಟು ರಂಧ್ರದಿಂದ ಹೊರಚಿಮ್ಮುವ ತೈಲವು ಚರ್ಮವನ್ನು ಭೇದಿಸಿ ಒಳಗೆ ಸೇರುತ್ತದೆ. ಮೇಲೆ ಚುಕ್ಕೆಯಷ್ಟೇ ಗಾಯ ಕಂಡರೂ ಒಳಗಿನ ಮಾಂಸ ಕೊಳೆಯತೊಡಗುತ್ತದೆ. ಕೂಡಲೇ ಶಸ್ತ್ರಚಿಕಿತ್ಸೆಯಾಗದಿದ್ದರೆ ಬೆರಳನ್ನೋ ಕೈಯನ್ನೋ ಕಳೆದುಕೊಳ್ಳಬೇಕಾದೀತು. ಸೋರಿಕೆಯನ್ನು ಒಂದು ರಟ್ಟಿನ ತುಂಡು ಹಿಡಿದು ಹುಡುಕಬೇಕು.

ಸುಟ್ಟ ಫ್ಯೂಸಿನ ಸ್ಥಾನದಲ್ಲಿ ತಾಮ್ರದ ತಂತಿಯನ್ನು ಸುತ್ತುವುದು, ತುಂಬುತ್ತಿರುವ ಬ್ಯಾಟರಿಯ ಬಳಿ ಬೀಡಿ ಹೊತ್ತಿಸುವುದು, ಇವೂ ಇದೇ ವರ್ಗಕ್ಕೆ ಸೇರಿದವು. ತುಂಬುವ ಬ್ಯಾಟರಿಯಿಂದ ಜಲಜನಕ ಹೊರಡುತ್ತದೆ. ಒಂದು ಕಿಡಿ ಸಾಕು, ಆಮ್ಲದೊಡನೆ ಅದು ಸಿಡಿಯುತ್ತದೆ. ಕಬ್ಬಿನ ಹಂಗಾಮಿನಲ್ಲಿ ರಾತ್ರಿಯ ರಸ್ತೆಗಳಲ್ಲಿ ಹಿಂದೀಪವಿಲ್ಲದೆ ಸಾಗುವ ಡಬ್ಬಿಗಳ ವಿಷಯವನ್ನಂತೂ ಬೆಳಗಾವಿ ಜಿಲ್ಲೆಯವರಿಗೆ ಹೇಳಬೇಕಾದುದೇ ಇಲ್ಲ. ಒಂದು ಕಡಿದ ತಂತಿಯನ್ನು ಜೋಡಿಸುವ ಹತ್ತು ನಿಮಿಷದ ಕೆಲಸವು, ಹಿಂದಿನಿಂದ ಬರುವ ಮೋಟಾರ್ ಸೈಕಲ್ ಸವಾರನ ಪಾಲಿಗೆ ಪ್ರಾಣದ ಪ್ರಶ್ನೆ.

ಮುಂಗಾರಿನ ಮುನ್ನ

ಈ ಆರೈಕೆಗೆ ತಕ್ಕ ಕಾಲ ಮೇ ತಿಂಗಳು. ಮೊದಲ ಮಳೆಯ ಮುನ್ನ ಗೇರುಕೋಲಿನ ರಬ್ಬರ್ ಟೋಪಿ, ಆಯಿಲ್ ಸೀಲುಗಳು, ಅಳತೆಕಡ್ಡಿಯ ಮುಚ್ಚಳ ಇವನ್ನು ನೋಡಬೇಕು. ತೈಲವನ್ನೂ ಜರಡಿಯನ್ನೂ ಪರೀಕ್ಷಿಸಬೇಕು. ಬ್ಯಾಟರಿಯ ಕೊಂಬುಗಳನ್ನು ಬಿಸಿನೀರಿನಿಂದ ತೊಳೆದು, ಒಣಗಿಸಿ, ಬಿಗಿಯಾಗಿ ಕಟ್ಟಿ, ಮೇಲೆ ವ್ಯಾಸಲೀನ್ ಸವರಬೇಕು. ಇಲಿಗಳು ಕಡಿದ ತಂತಿಗಳಿಗಾಗಿ ಹುಡುಕಬೇಕು. ನಾಟಿ ಮುಗಿದ ಮೇಲೆ ಇನ್ನೊಮ್ಮೆ ತೈಲದ ಬಣ್ಣವನ್ನು ನೋಡಬೇಕು. ಕೆಸರಿನಲ್ಲಿ ನುಸುಳಿದ ನೀರು ಆಗ ಕಾಣಿಸಿಕೊಳ್ಳುತ್ತದೆ. ಮಳೆಗಾಲದಲ್ಲಿ ನಿಂತೇ ಇರುವ ಯಂತ್ರವಾದರೆ, ಬ್ಯಾಟರಿಯನ್ನು ಕಳಚಿ ಒಣಗಿದ ಸ್ಥಳದಲ್ಲಿಟ್ಟು ತಿಂಗಳಿಗೊಮ್ಮೆ ತುಂಬಿಸಬೇಕು.

ಪಾಸ್ಕಲನ ನಿಯಮವನ್ನೂ ಓಮನ ನಿಯಮವನ್ನೂ ಪಾಠದಲ್ಲಿ ಓದಿದ ವಿದ್ಯಾರ್ಥಿಗಳಿಗೆ ಹಳೆಯ ಟ್ರ್ಯಾಕ್ಟರಿಗಿಂತ ಉತ್ತಮವಾದ ಪ್ರಯೋಗಶಾಲೆ ಹಳ್ಳಿಯಲ್ಲಿ ದೊರೆಯುವುದು ದುರ್ಲಭ. ನಿಮ್ಮ ಮನೆಯಲ್ಲಿಯೋ ನೆರೆಯಲ್ಲಿಯೋ ಅಂಥದೊಂದು ಇದ್ದರೆ, ಎಂಜಿನ್ ನಿಲ್ಲಿಸಿ ನೇಗಿಲನ್ನು ನೆಲಕ್ಕಿಳಿಸಿದ ಮೇಲೆ, ಹಿರಿಯರ ಸಮ್ಮುಖದಲ್ಲಿ ಅದರ ಅಳತೆಕಡ್ಡಿಯನ್ನು ಎಳೆದು ನೋಡಿರಿ. ಬ್ಯಾಟರಿಯಿಂದ ಹೊರಟ ತಂತಿಯನ್ನು ಕಣ್ಣಿನಿಂದ ಅನುಸರಿಸಿ, ಅದು ಎಲ್ಲಿ ಸುತ್ತಿ ಎಲ್ಲಿ ಮರಳುತ್ತದೆಂಬುದನ್ನು ಕಾಗದದ ಮೇಲೆ ಬರೆಯಿರಿ. ತೈಲದ ದಾರಿಯನ್ನೂ ಹಾಗೆಯೇ ಚಿತ್ರಿಸಿರಿ. ಆ ಎರಡು ಚಿತ್ರಗಳನ್ನು ಟ್ರ್ಯಾಕ್ಟರಿನ ಪೆಟ್ಟಿಗೆಯಲ್ಲಿ ಇಟ್ಟುಕೊಂಡರೆ, ಮುಂದೊಂದು ಮಳೆಯ ಮುಂಜಾನೆ ಯಂತ್ರವು ಏಳದೆ ಹೋದಾಗ ಎಲ್ಲಿಂದ ಹುಡುಕತೊಡಗಬೇಕೆಂಬುದು ಮನೆಯವರಿಗೆಲ್ಲ ತಿಳಿದಿರುತ್ತದೆ.